ಟೈಪ್, ಮೋರ್, ಲೆಸ್ ಮತ್ತು ಅಜ್ಜಿಯ ಹಾಡುಗಳು

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನಗಳಾದವು. ಆಫೀಸಿನ ಕೆಲಸ, ರಿಲೀಸು, ಟ್ರಾಫಿಕ್ಕು ಅಂತೆಲ್ಲ ಕಾರಣ ಕೊಡಬಹುದು. ನಿಜವಾದ ಕಾರಣ ಸೋಮಾರಿತನ, ಅಷ್ಟೇ :-) ಇವತ್ತು ಮಾತ್ರ ಬರೆಯಲೇಬೇಕು ಅನ್ನಿಸಿತು. ಅದಕ್ಕೆ ಕಾರಣ ಊರಿನ ಮನೆಯ ಅಟ್ಟದ ಮೇಲಿದ್ದ ಒಂದು ಹಳೇ ಕಂಪ್ಯೂಟರು.

ಕಳೆದ ದಸರಾ ರಜೆಯಲ್ಲಿ ಪುತ್ತೂರಿನ ಹತ್ತಿರ ನಮ್ಮ ಊರಿಗೆ ಹೋಗಿದ್ದೆ. ನನ್ನ ದೊಡ್ಡಪ್ಪ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಒಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟರು. ಒಳಗೆ ಹನ್ನೊಂದು ಫ್ಲಾಪಿಗಳು.

"ನೀನು ಕಂಪ್ಯೂಟರು ಕಲಿತವ ಅಲ್ವನಾ ಮಾರಾಯ? ಇದರಲ್ಲಿ ಅಮ್ಮನ ಹಾಡುಗಳುಂಟು. ತೆಗೀಲಿಕ್ಕೆ ಆಗ್ತದಾ ನೋಡು."

ಅಮ್ಮ ಅಂದರೆ ನನ್ನ ಅಜ್ಜಿ. ನಾನು ಹುಟ್ಟುವ ಮೊದಲೇ ತೀರಿಕೊಂಡವರು, ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಅವರು ಮದುವೆಮನೆಗಳಲ್ಲಿ ಹೇಳುತ್ತಿದ್ದ ಶೋಭಾನೆ, ಜೋಗುಳಗಳನ್ನೆಲ್ಲ ದೊಡ್ಡಪ್ಪ 1994ರಲ್ಲಿ ಅವರ ಎದುರೇ ಕೂತು ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದರಂತೆ. ಆಮೇಲೆ ಸಂಜೆ ಹೊತ್ತು ಕಾಲೇಜಿನ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದರಂತೆ. ಬರೆದ ಪುಸ್ತಕವನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಯಿತು. ಉಳಿದದ್ದು ಈ ಡಬ್ಬಿ.

ನನ್ನ ಲ್ಯಾಪ್‌ಟಾಪಿಗೆ ಫ್ಲಾಪಿ ಹಾಕುವ ಜಾಗವೇ ಇಲ್ಲ! ಆಗ ದೊಡ್ಡಪ್ಪನಿಗೆ ಅಟ್ಟ ನೆನಪಾಯಿತು. ಕಾಲೇಜಿನವರು ಹಳೇ ಮೆಷಿನುಗಳನ್ನು ಹರಾಜು ಹಾಕಿದಾಗ ಅದೇ 486 ಕಂಪ್ಯೂಟರನ್ನು ಅಭಿಮಾನದಿಂದ ತಂದಿಟ್ಟುಕೊಂಡಿದ್ದರು. ಇಳಿಸಿ, ಧೂಳು ಒರೆಸಿ, ಪ್ಲಗ್ಗು ಹಾಕಿದೆವು. ಒಳಗಿನ ಬ್ಯಾಟರಿ ಸತ್ತಿದ್ದರಿಂದ ಅದಕ್ಕೆ ಹಾರ್ಡ್ ಡಿಸ್ಕ್ ಇರುವುದೇ ಮರೆತುಹೋಗಿತ್ತು. ಸೆಟಪ್ಪಿಗೆ ಹೋಗಿ ಮತ್ತೆ ಹೇಳಿಕೊಟ್ಟ ಮೇಲೆ ಡಾಸ್ ಎದ್ದು ಕೂತಿತು. ದಿನಾಂಕ ಕೇಳಿದರೆ 1980ರ ಜನವರಿ 1 ಅಂತ ಹೇಳಿತು. ಡಾಸ್‌ಗೆ ಅದಕ್ಕಿಂತ ಹಿಂದಿನ ದಿನಾಂಕ ಗೊತ್ತೇ ಇಲ್ಲ, ಅದರ ಕಾಲ ಶುರುವಾಗುವುದೇ ಅಲ್ಲಿಂದ.

ಮೊದಲ ಫ್ಲಾಪಿ ಹಾಕಿದೆ. ಹಾಡಿನ ಹೆಸರಿನ ಒಂದು ಫೈಲು ಕಾಣಿಸಿತು, ಸುಮಾರು 31 ಸಾವಿರ ಬೈಟು. 'ಟೈಪ್' ಅಂತ ಹೊಡೆದು, ಫೈಲಿನ ಹೆಸರು ಕೊಟ್ಟು, ಎಂಟರ್ ಒತ್ತಿದೆ. ಪರದೆಯ ತುಂಬ ಗೀಟುಗಳು, ಮೂಲೆಗಳು, ಅಡ್ಡಪಟ್ಟಿಗಳು, ನಡುನಡುವೆ ಗ್ರೀಕ್ ಅಕ್ಷರಗಳು ಸರಸರನೆ ಓಡಿಹೋದವು. ಓದಲು ಸಿಕ್ಕಿದ್ದು '1994' ಎಂಬ ಅಂಕಿ ಒಂದೇ.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, "ಹಾಳಾಗಿದೆ ಅಲ್ವಾ?" ಅಂದರು.

ಹಾಳಾಗಿರಲಿಲ್ಲ. ಅದನ್ನು ಹೇಳಬೇಕಾದರೆ, ಒಂದು ಫೈಲನ್ನು ಪರದೆಯ ಮೇಲೆ ತೋರಿಸುವ ಈ ಪುಟ್ಟ ಪ್ರೋಗ್ರಾಮುಗಳ ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಸ್ವಲ್ಪ ಉದ್ದ ಇದೆ, ಕಾಫಿ ತಂದುಕೊಂಡು ಕೂತುಕೊಳ್ಳಿ.

ಕಾಗದದ ಕಾಲ

ಇಂಜಿನಿಯರಿಂಗ್ ಓದುವಾಗ 'ಫೈಲು ತೆರೆಯುವುದು' ಅನ್ನುವುದು ಒಂದು ವಿಷಯ ಅಂತಲೇ ನನಗೆ ಅನ್ನಿಸಿರಲಿಲ್ಲ. ಎರಡು ಸಲ ಕ್ಲಿಕ್ ಮಾಡಿದರೆ ತೆರೆಯುತ್ತದೆ, ಅದರಲ್ಲೇನಿದೆ? ಆದರೆ ಮೊದಮೊದಲು ಕಂಪ್ಯೂಟರಿಗೆ ಪರದೆಯೇ ಇರಲಿಲ್ಲ. ಬಳಸುವವರ ಎದುರು ಇರುತ್ತಿದ್ದದ್ದು ಟೆಲಿಟೈಪು, ಅಂದರೆ ತಂತಿಯಲ್ಲಿ ಮಾತಾಡುವ ಬೆರಳಚ್ಚು ಯಂತ್ರ. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಎಂಬ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರ ಅಚ್ಚು ಹಾಕುತ್ತಿತ್ತು. ಅದೇ ವರ್ಷ ಆಸ್ಕಿ ಸಂಕೇತಗಳೂ ಬಂದವು. 7 ಬಿಟ್, ಒಟ್ಟು 128 ಸಂಕೇತ, ಇಂಗ್ಲಿಶ್ ಅಕ್ಷರ ಮತ್ತು ಅಂಕಿಗಳಿಗೆ ಒಂದೊಂದು ಸಂಖ್ಯೆ.

ಆ ಯಂತ್ರದ ಗುರುತುಗಳು ಇಂದಿಗೂ ನಮ್ಮ ಫೈಲುಗಳಲ್ಲಿವೆ. ಒಂದು ಸಾಲು ಮುಗಿದ ಮೇಲೆ ಅಚ್ಚು ಹಾಕುವ ತಲೆಯನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸಲು ಇನ್ನೊಂದು ಸಂಕೇತ. ಡಾಸ್ ಮತ್ತು ವಿಂಡೋಸ್ ಈ ಎರಡನ್ನೂ ಉಳಿಸಿಕೊಂಡವು. ಯುನಿಕ್ಸ್ ಒಂದನ್ನೇ ಸಾಕು ಅಂದಿತು. ಲಿನಕ್ಸ್‌ನಲ್ಲಿ ಬರೆದ ಫೈಲನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದಾಗ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಉದ್ದಕ್ಕೆ ಹೋಗಿದ್ದನ್ನು ನೀವೂ ನೋಡಿರಬಹುದು. ಮೈಕ್ರೋಸಾಫ್ಟ್ ಅದನ್ನು ಸರಿ ಮಾಡಿದ್ದು 2018ರಲ್ಲಿ! 1963ರ ಯಂತ್ರದ ಜಗಳ ತೀರಲು ಐವತ್ತೈದು ವರ್ಷ ಬೇಕಾಯಿತು.

ಟೆಲಿಟೈಪಿನಲ್ಲಿ ಫೈಲು ನೋಡುವುದು ಅಂದರೆ ಅದನ್ನು ಅಚ್ಚು ಹಾಕಿಸುವುದು ಅಂತಲೇ ಅರ್ಥ. 'ಟೈಪ್' ಅನ್ನುವ ಆಜ್ಞೆಯ ಹೆಸರಿನಲ್ಲೇ ಅದು ಇದೆ ನೋಡಿ. ನಿಧಾನ ನಿಜ, ಆದರೆ ಅದರಲ್ಲೊಂದು ಸುಖವಿತ್ತು. ಅಚ್ಚಾದ ಕಾಗದ ಎದುರಿಗೇ ಜೋತು ಬಿದ್ದಿರುತ್ತಿತ್ತು. ಹತ್ತು ಸಾಲು ಹಿಂದೆ ಏನಿತ್ತು ಅಂತ ನೋಡಬೇಕಾದರೆ ಕಾಗದ ಎತ್ತಿದರೆ ಸಾಕು.

ಗಾಜಿನ ಕಾಲ: ಮೋರ್ ಮತ್ತು ಲೆಸ್

ಎಪ್ಪತ್ತರ ದಶಕದಲ್ಲಿ ಗಾಜಿನ ಪರದೆಯ ಟರ್ಮಿನಲ್ಲುಗಳು ಅಗ್ಗವಾಗಿ ಕಾಗದದ ಜಾಗಕ್ಕೆ ಬಂದವು. 80 ಅಕ್ಷರ ಅಗಲ, 24 ಸಾಲು ಎತ್ತರ. ವೇಗ ಹೆಚ್ಚಾಯಿತು, ಆದರೆ ಕಾಗದದ ಸುಖ ಹೋಯಿತು. ಮೇಲಿನ ಸಾಲು ಪರದೆ ದಾಟಿದರೆ ಹೋದ ಹಾಗೇ. ನೂರು ಸಾಲಿನ ಫೈಲು ತೋರಿಸು ಅಂದರೆ ಕೊನೆಯ ಇಪ್ಪತ್ತಮೂರು ಸಾಲು ಮಾತ್ರ ಕಣ್ಣಿಗೆ ಸಿಗುತ್ತಿತ್ತು.

1978ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಡೇನಿಯಲ್ ಹಾಲ್ಬರ್ಟ್ ಇದಕ್ಕೊಂದು ಪುಟ್ಟ ಉಪಾಯ ಮಾಡಿದ. ಪರದೆ ತುಂಬಿದ ಕೂಡಲೇ ನಿಲ್ಲುವುದು, ಕೆಳಗೆ 'ಮೋರ್' ಅಂತ ತೋರಿಸಿ ಕಾಯುವುದು. ಸ್ಪೇಸ್ ಒತ್ತಿದರೆ ಮುಂದಿನ ಪುಟ. ಪ್ರೋಗ್ರಾಮಿನ ಹೆಸರೂ 'ಮೋರ್'. ಊಟಕ್ಕೆ ಕೂತಾಗ ಬಡಿಸುವವರು "ಇನ್ನೂ ಸ್ವಲ್ಪ?" ಅಂತ ಕೇಳುತ್ತಾರಲ್ಲ, ಹಾಗೆ. ಬರ್ಕ್ಲಿಯವರ ಯುನಿಕ್ಸ್ ಜೊತೆ ಅದು ಎಲ್ಲ ಕಡೆ ಹೋಯಿತು.

ಮೋರ್‌ಗೆ ಒಂದು ಕೊರತೆ ಇತ್ತು. ಅದು ಮುಂದಕ್ಕೆ ಹೋಗುವುದರಲ್ಲಿ ಗಟ್ಟಿ, ಹಿಂದಕ್ಕೆ ಬರುವುದರಲ್ಲಿ ದುರ್ಬಲ. 1983ರಿಂದ 85ರ ನಡುವೆ ಮಾರ್ಕ್ ನ್ಯೂಡೆಲ್‌ಮನ್ ಎಂಬ ಪ್ರೋಗ್ರಾಮರ್ ಹಿಂದಕ್ಕೂ ಹೋಗಬಲ್ಲ ಇನ್ನೊಂದನ್ನು ಬರೆದ. ಮೋರ್‌ಗಿಂತ ಹೆಚ್ಚು ಕೆಲಸ ಮಾಡುವ ಇದಕ್ಕೆ 'ಲೆಸ್' ಅಂತ ಹೆಸರಿಟ್ಟ! ಇಂಗ್ಲಿಶಿನಲ್ಲಿ 'ಕಡಿಮೆಯೇ ಹೆಚ್ಚು' ಅನ್ನುವ ಮಾತಿದೆಯಲ್ಲ, ಅದರ ಮೇಲಿನ ಚೇಷ್ಟೆ ಅದು. ನಾನು ಆಫೀಸಿನಲ್ಲಿ ದಿನಕ್ಕೆ ಹತ್ತಾರು ಸಲ ಲಾಗ್ ಫೈಲು ನೋಡುವುದು ಇದೇ ಲೆಸ್‌ನಲ್ಲಿ. ಇಷ್ಟು ವರ್ಷ ಅದರ ಹೆಸರು ಯಾಕೆ ಹಾಗೆ ಅಂತ ಯೋಚಿಸಿಯೇ ಇರಲಿಲ್ಲ.

ಲೆಸ್ ಮಾಡಿದ್ದು ಏನು ಅಂತ ನೋಡಿದರೆ, ಟೆಲಿಟೈಪಿನ ಕಾಗದವನ್ನು ಮತ್ತೆ ಕೈಗೆ ಕೊಟ್ಟಿದ್ದು. ಹಿಂದೆ ಏನಿತ್ತು ಅಂತ ಎತ್ತಿ ನೋಡುವ ಸೌಲಭ್ಯ.

ಡಾಸ್ ಮತ್ತು ಲಿಸ್ಟ್

ಇದೆಲ್ಲ ದೊಡ್ಡ ವಿಶ್ವವಿದ್ಯಾಲಯಗಳ ಮಾತಾಯಿತು. ದೊಡ್ಡಪ್ಪನ ಮೆಷಿನಿನ ವಂಶ ಬೇರೆ. 1974ರಲ್ಲಿ ಗ್ಯಾರಿ ಕಿಲ್ಡಾಲ್ ಸಣ್ಣ ಕಂಪ್ಯೂಟರುಗಳಿಗಾಗಿ ಸಿಪಿ/ಎಂ ಎಂಬ ವ್ಯವಸ್ಥೆ ಬರೆದ. ಅದರಲ್ಲಿ 'ಟೈಪ್' ಆಜ್ಞೆ ಇತ್ತು. ಟಿಮ್ ಪ್ಯಾಟರ್ಸನ್ ಬರೆದ 86-ಡಾಸ್ ಅದನ್ನು ಬಹುಪಾಲು ಅನುಸರಿಸಿತು. ಮೈಕ್ರೋಸಾಫ್ಟ್ ಅದನ್ನು ಕೊಂಡು 1981ರಲ್ಲಿ ಐಬಿಎಂ ಪಿಸಿ ಜೊತೆ ಕೊಟ್ಟಿತು.

ಸಿಪಿ/ಎಂನಲ್ಲಿ ಒಂದು ವಿಚಿತ್ರ ಇತ್ತು. ಫೈಲಿನ ಅಳತೆಯನ್ನು ಅದು 128 ಬೈಟುಗಳ ತುಂಡುಗಳಲ್ಲಿ ಲೆಕ್ಕ ಇಡುತ್ತಿತ್ತು. ಕೊನೆಯ ತುಂಡಿನಲ್ಲಿ ನಿಜವಾದ ಬರಹ ಎಲ್ಲಿ ಮುಗಿಯಿತು ಅಂತ ಗೊತ್ತಾಗಲು ಕಂಟ್ರೋಲ್-ಝಡ್ ಎಂಬ ಸಂಕೇತ (ಸಂಖ್ಯೆ 26) ಹಾಕುತ್ತಿದ್ದರು. ಡಾಸ್ ಫೈಲಿನ ಅಳತೆಯನ್ನು ಬೈಟಿನ ಲೆಕ್ಕದಲ್ಲೇ ಇಡುತ್ತದೆ, ಅದಕ್ಕೆ ಈ ಗುರುತು ಬೇಡ. ಆದರೂ ಟೈಪ್ ಆಜ್ಞೆ ಹಳೇ ಅಭ್ಯಾಸ ಬಿಡಲಿಲ್ಲ. 26 ಕಂಡರೆ ಸಾಕು, ಫೈಲು ಮುಗಿಯಿತು ಅಂತ ನಿಲ್ಲುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1983ರ ಡಾಸ್ 2.0ರಲ್ಲಿ ಮೋರ್ ಕೂಡ ಬಂತು. ಆದರೆ ಇಲ್ಲೂ ಮುಂದಕ್ಕೆ ಮಾತ್ರ. ಆ ಕೊರತೆಯನ್ನು ತುಂಬಿದವನು ವರ್ನನ್ ಬ್ಯುರ್ಗ್ ಎಂಬ ಅಮೆರಿಕದ ಪ್ರೋಗ್ರಾಮರ್. ಅದೇ 1983ರಲ್ಲಿ ಅವನು 'ಲಿಸ್ಟ್' ಎಂಬ ಫೈಲು ನೋಡುವ ಪ್ರೋಗ್ರಾಮು ಬರೆದು ಶೇರ್‌ವೇರ್ ಆಗಿ ಬಿಟ್ಟ. ಬಳಸಿ ನೋಡಿ, ಇಷ್ಟವಾದರೆ ಹಣ ಕಳಿಸಿ ಅನ್ನುವ ಪದ್ಧತಿ. ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ನಕಲಾಗುತ್ತ ಅದು ಜಗತ್ತೆಲ್ಲ ಸುತ್ತಿತು. ಬ್ಯುರ್ಗ್ 2009ರಲ್ಲಿ ತೀರಿಕೊಂಡ. ದೊಡ್ಡಪ್ಪನ ಮೆಷಿನಿನ ಒಂದು ಮೂಲೆಯಲ್ಲಿ ಅವನ ಲಿಸ್ಟ್ ಇನ್ನೂ ಕೂತಿತ್ತು. ಕಾಲೇಜಿನ ಯಾವ ಪುಣ್ಯಾತ್ಮ ಹಾಕಿಟ್ಟಿದ್ದನೋ!

ಮೇಲೆ ಕೆಳಗೆ ಹೋಗುವುದು, ಪದ ಹುಡುಕುವುದು ಇವೆಲ್ಲ ಲಿಸ್ಟ್‌ನಲ್ಲಿ ಇದ್ದವು. ನನಗೆ ಉಪಯೋಗಕ್ಕೆ ಬಂದದ್ದು ಬೇರೆ ಎರಡು ಗುಣ. ಒಂದು, ಆಲ್ಟ್ ಜೊತೆ ಎಚ್ ಒತ್ತಿದರೆ ಫೈಲಿನ ಒಂದೊಂದು ಬೈಟನ್ನೂ ಸಂಖ್ಯೆಯಾಗಿ ತೋರಿಸುತ್ತದೆ. ಎರಡು, ಎಂಟನೆಯ ಬಿಟ್ ಕಿತ್ತುಹಾಕಿ ತೋರಿಸುವ ಸೌಲಭ್ಯವೂ ಇದೆ.

ಎಂಟನೆಯ ಬಿಟ್ ಕೀಳುವುದು ಯಾಕೆ? ಅದಕ್ಕೆ ಕಾರಣ 1978ರಲ್ಲಿ ಬಂದ ವರ್ಡ್‌ಸ್ಟಾರ್. ಆಸ್ಕಿಗೆ ಏಳೇ ಬಿಟ್ ಸಾಕು, ಬೈಟಿನಲ್ಲಿ ಎಂಟು ಇವೆ. ಖಾಲಿ ಉಳಿದ ಆ ಒಂದು ಬಿಟ್ಟನ್ನು ವರ್ಡ್‌ಸ್ಟಾರ್ ತನ್ನ ಸ್ವಂತ ಗುರುತಿಗೆ ಬಳಸಿಕೊಂಡಿತು. ಪ್ರತಿ ಪದದ ಕೊನೆಯ ಅಕ್ಷರದ ಮೇಲೆ ಅದನ್ನು ಹಚ್ಚುತ್ತಿತ್ತು. ಹಾಗಾಗಿ ವರ್ಡ್‌ಸ್ಟಾರ್ ಫೈಲನ್ನು ಟೈಪ್ ಮಾಡಿ ನೋಡಿದರೆ ಇಂಗ್ಲಿಶ್ ಪದಗಳ ಕೊನೆಯಲ್ಲೆಲ್ಲ ಗ್ರೀಕ್ ಅಕ್ಷರಗಳು ಅಂಟಿಕೊಂಡಿರುತ್ತಿದ್ದವು. ಬರೆದ ಪ್ರೋಗ್ರಾಮಿಗೂ ತೋರಿಸುವ ಪ್ರೋಗ್ರಾಮಿಗೂ ಮಾತುಕತೆ ಆಗಿರಲಿಲ್ಲ, ಅಷ್ಟೇ.

ನೋಡುವ ಪ್ರೋಗ್ರಾಮು ಇಷ್ಟು ಸರಳವಾಗಿರಲು ಈ ಮಾತುಕತೆಯೇ ಕಾರಣ ಅಂತ ನನಗೆ ಹೊಳೆದದ್ದು ಅಟ್ಟದ ಮೆಷಿನಿನ ಎದುರು ಕೂತಾಗ. 65 ಅಂದರೆ 'ಎ' ಅಂತ ಇಬ್ಬರೂ ಒಪ್ಪಿದ್ದರೆ ತೋರಿಸುವವನಿಗೆ ಏನೂ ಕೆಲಸವೇ ಇಲ್ಲ. ಒಪ್ಪಂದ ಮುರಿದರೆ ಎಂಥ ಜಾಣ ಪ್ರೋಗ್ರಾಮೂ ಕುರುಡು.

ಹಾಗಾದರೆ ಕನ್ನಡ ಈ ಒಪ್ಪಂದದೊಳಗೆ ಯಾವಾಗ ಬಂತು?

ಚೌಕದೊಳಗೆ ಹಿಡಿಸದ ಕನ್ನಡ

ಪಿಸಿಯ ಪರದೆ 80 ಅಡ್ಡ, 25 ಉದ್ದ, ಒಟ್ಟು ಎರಡು ಸಾವಿರ ಚೌಕ. ಒಂದೊಂದು ಚೌಕಕ್ಕೂ ನೆನಪಿನಲ್ಲಿ ಎರಡು ಬೈಟು: ಒಂದು ಅಕ್ಷರಕ್ಕೆ, ಒಂದು ಬಣ್ಣಕ್ಕೆ. ಅಕ್ಷರಕ್ಕೆ ಒಂದೇ ಬೈಟು ಅಂದ ಮೇಲೆ 256 ಆಕಾರಗಳಿಗೆ ಮಾತ್ರ ಜಾಗ. ಮೊದಲ 128ರಲ್ಲಿ ಹೆಚ್ಚಿನವು ಆಸ್ಕಿ. ಉಳಿದ 128ರಲ್ಲಿ ಐಬಿಎಂನವರು ಯುರೋಪಿನ ಅಕ್ಷರಗಳು, ಚೌಕಟ್ಟು ಎಳೆಯುವ ಗೀಟುಗಳು, ಗಣಿತದ ಗ್ರೀಕ್ ಅಕ್ಷರಗಳನ್ನು ತುಂಬಿದ್ದರು. ಗೀಟುಗಳ ಜಾಗ 179ರಿಂದ 218.

ನಮ್ಮ ಅಕ್ಷರಗಳು ಒಂದೇ ಅಳತೆಯ ಚೌಕದಲ್ಲಿ ಕೂರುವ ಜಾತಿಯವಲ್ಲ. 'ಕ' ಒಂದು ಅಗಲ, 'ಣೌ' ಇನ್ನೊಂದು ಅಗಲ. ಒತ್ತಕ್ಷರ ಕೆಳಗೆ ಇಳಿಯಬೇಕು, ಗುಣಿತ ಮೇಲೆ ಏರಬೇಕು. ಕಾಗುಣಿತ, ಒತ್ತು ಎಲ್ಲ ಸೇರಿಸಿ ಆಕಾರ ಎಣಿಸಿದರೆ 256 ಎಲ್ಲಿ ಸಾಲುತ್ತದೆ?

ಇದಕ್ಕೆ ಬಂದ ಉತ್ತರ ಜಿಸ್ಟ್. ಐಐಟಿ ಕಾನ್ಪುರದಲ್ಲಿ ಮೋಹನ್ ತಾಂಬೆ ಮತ್ತು ಸಂಗಡಿಗರು ಮಾಡಿದ ಕೆಲಸ, 1988ರಲ್ಲಿ ಪುಣೆಯಲ್ಲಿ ಶುರುವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದು ಜಿಸ್ಟ್ ಕಾರ್ಡ್ ಆಗಿ ಜನರ ಕೈಗೆ ಬಂತು. ಕಂಪ್ಯೂಟರಿನೊಳಗೆ ಸಿಕ್ಕಿಸುವ ಒಂದು ಕಾರ್ಡು ಅದು. ಪರದೆಯ ಮೇಲೆ ಅಕ್ಷರ ಬಿಡಿಸುವ ಕೆಲಸವನ್ನು ತಾನು ವಹಿಸಿಕೊಳ್ಳುತ್ತಿತ್ತು. ಡಿಬೇಸ್, ವರ್ಡ್‌ಸ್ಟಾರ್‌ನಂಥ ಪ್ರೋಗ್ರಾಮುಗಳಿಗೆ ತಾವು ಕನ್ನಡದಲ್ಲಿ ಕೆಲಸ ಮಾಡುತ್ತಿದ್ದೇವೆ ಅಂತ ಗೊತ್ತೇ ಆಗುತ್ತಿರಲಿಲ್ಲ!

ಇದರ ಹಿಂದೆ ಇದ್ದದ್ದು ಇಸ್ಕಿ ಎಂಬ ಸಂಕೇತ ಪದ್ಧತಿ. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನು ಐಎಸ್ 13194 ಎಂಬ ಸಂಖ್ಯೆಯಲ್ಲಿ ಮಾನಕವಾಗಿ ಪ್ರಕಟಿಸಿತು. ಅದರ ಜಾಣತನ ನೋಡಿ. ಕೆಳಗಿನ 128ನ್ನು ಮುಟ್ಟದೆ ಆಸ್ಕಿಗೇ ಬಿಟ್ಟಿತು. ಮೇಲಿನ ಅರ್ಧದಲ್ಲಿ ಭಾರತೀಯ ಲಿಪಿಗಳನ್ನು ಆಕಾರದ ಲೆಕ್ಕದಲ್ಲಿ ಇಡಲಿಲ್ಲ, ಉಚ್ಚಾರದ ಲೆಕ್ಕದಲ್ಲಿ ಇಟ್ಟಿತು. 'ಕ'ಕಾರಕ್ಕೆ ಒಂದೇ ಸಂಖ್ಯೆ, ಅದು ಕನ್ನಡದ್ದಾಗಲಿ ತೆಲುಗಿನದ್ದಾಗಲಿ ದೇವನಾಗರಿಯದ್ದಾಗಲಿ. ಒತ್ತಕ್ಷರಕ್ಕೆ ಬೇರೆ ಸಂಖ್ಯೆಯೇ ಇಲ್ಲ. ಕ, ಹಲಂತ, ಕ ಅಂತ ಬರೆದರೆ 'ಕ್ಕ'. ಹೇಗೆ ಬಿಡಿಸಬೇಕು ಅನ್ನುವುದು ಕಾರ್ಡಿನ ತಲೆನೋವು. ನಾವು ಒಂದನೇ ಕ್ಲಾಸಿನಲ್ಲಿ ಕಲಿತ ವರ್ಣಮಾಲೆಯೇ ಸಂಕೇತ ಪಟ್ಟಿ ಆಯಿತು.

ದೊಡ್ಡಪ್ಪನನ್ನು ಕೇಳಿದೆ, "ಆಗ ಕಾಲೇಜಿನ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಏನಾದರೂ ಕಾರ್ಡ್ ಇತ್ತಾ ದೊಡ್ಡಪ್ಪ?"

"ಇತ್ತು, ಇತ್ತು. ಹರಾಜಿಗೆ ಮೊದಲೇ ಅದನ್ನು ಕಿತ್ತು ತೆಗೆದರು. ಕೀಬೋರ್ಡಿಗೆ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದು ನಾನೇ."

ಅಜ್ಜಿ ಸಿಕ್ಕಿದ್ದು

ಈಗ ಲಿಸ್ಟ್‌ನಲ್ಲಿ ಫೈಲು ತೆರೆದು ಸಮಾಧಾನವಾಗಿ ನೋಡಿದೆ. ಮೊದಲ ಸಾಲಿನಲ್ಲಿ ಮೊದಲ ಗುಂಪು ಹೀಗಿತ್ತು: ತಲೆಯ ಮೇಲೆ ಅಲೆಗೀಟು ಇರುವ ಸ್ಪ್ಯಾನಿಶ್ ಅಕ್ಷರ, ಆಮೇಲೆ ಜೋಡಿ ಗೀಟು, ಆಮೇಲೆ ಗ್ರೀಕಿನ 'ಫೈ', ಮತ್ತೆ ಅದೇ ಜೋಡಿ ಗೀಟು, ಕೊನೆಗೆ ತುಂಬಿದ ಬಿಳಿ ಇಟ್ಟಿಗೆ.

ಕೆಳಗೆ ನೋಡುತ್ತ ಹೋದರೆ ಎಲ್ಲ ಕಡೆ ಈ 'ಫೈ'. ಅದರ ಎರಡೂ ಬದಿಗೆ ಬಹಳ ಸಲ ಒಂದೇ ಆಕಾರ. ಎರಡು ಒಂದೇ ಥರದವರ ನಡುವೆ ಸದಾ ನಿಲ್ಲುವವನು ಯಾರು? ಹಲಂತ! ನಮ್ಮ ಭಾಷೆಯಲ್ಲಿ ಅಕ್ಕ, ಅಪ್ಪ, ಅಮ್ಮ, ಅಣ್ಣ ಎಲ್ಲರಿಗೂ ಒತ್ತು ಇದೆಯಲ್ಲ. ಆಲ್ಟ್-ಎಚ್ ಒತ್ತಿ ಸಂಖ್ಯೆ ನೋಡಿದೆ. ಫೈ 232. ಫೋನಿನಲ್ಲಿ ಇಸ್ಕಿ ಪಟ್ಟಿ ತೆಗೆದು ನೋಡಿದರೆ ಹಲಂತದ ಸಂಖ್ಯೆಯೂ 232. 164 ಅಂದರೆ ಅ. 186 ಅಂದರೆ ಜ. 219 ಅಂದರೆ ಇ-ಕಾರದ ಗುಣಿತ.

ಅ, ಜ, ಹಲಂತ, ಜ, ಇ. ಅಜ್ಜಿ!

ನಿಜ ಹೇಳುತ್ತೇನೆ, ಮೈ ಜುಂ ಅಂದಿತು. ದೊಡ್ಡಪ್ಪನಿಗೆ ಪೆನ್ನು ಹಿಡಿದು ಒಂದೊಂದೇ ಬರೆದು ತೋರಿಸಿದೆ. "ಹೌದು ಮಾರಾಯ, ಮಕ್ಕಳಿಗೆ ಓದಲಿಕ್ಕೆ ಅಂತ ಬರೆದದ್ದಲ್ವಾ, ಅದಕ್ಕೆ ಅಜ್ಜಿಯ ಹಾಡು ಅಂತಲೇ ಹೆಸರಿಟ್ಟಿದ್ದೆ" ಅಂದರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಇಸ್ಕಿಯಲ್ಲಿ ಕ-ದಿಂದ ಹ-ವರೆಗಿನ ವ್ಯಂಜನಗಳ ಸಂಖ್ಯೆ 179ರಿಂದ 216. ಐಬಿಎಂನವರ ಗೀಟುಗಳ ಜಾಗ 179ರಿಂದ 218. ಅಂದರೆ ಕಾರ್ಡು ಇಲ್ಲದ ಪಿಸಿಯಲ್ಲಿ ಕನ್ನಡದ ವ್ಯಂಜನಗಳೆಲ್ಲ ಒಂದೂ ಬಿಡದೆ ಗೀಟುಗಳಾಗಿ ಕಾಣಬೇಕು. 'ಕನ್ನಡ' ಅಂತ ಬರೆದರೆ ನಾಲ್ಕು ಗೀಟುಗಳ ನಡುವೆ ಒಂದು ಫೈ. ದೊಡ್ಡಪ್ಪ ಹಾಳಾಯಿತು ಅಂದುಕೊಂಡಿದ್ದ ಫೈಲಿನಲ್ಲಿ ಒಂದು ಬೈಟೂ ಹಾಳಾಗಿರಲಿಲ್ಲ.

ಬೆಂಗಳೂರಿಗೆ ಬಂದು ಎಸ್‌ಪಿ ರೋಡಿನಲ್ಲಿ ಯುಎಸ್‌ಬಿ ಫ್ಲಾಪಿ ಡ್ರೈವ್ ಹುಡುಕಿ ತಂದೆ. ಇಸ್ಕಿಯಿಂದ ಯುನಿಕೋಡಿಗೆ ಬದಲಾಯಿಸುವ ಪುಟ್ಟ ಪ್ರೋಗ್ರಾಮು ಬರೆಯಲು ಒಂದು ಸಂಜೆ ಸಾಕಾಯಿತು. ಯಾಕೆಂದರೆ 1991ರಲ್ಲಿ ಯುನಿಕೋಡ್ ಮೊದಲ ಆವೃತ್ತಿ ಬಂದಾಗ ಭಾರತೀಯ ಲಿಪಿಗಳನ್ನು ಜೋಡಿಸಿದ್ದು 1988ರ ಇಸ್ಕಿಯ ಕ್ರಮದಲ್ಲೇ. ಇಸ್ಕಿಯ 'ಕ' 179, ಯುನಿಕೋಡಿನ ಕನ್ನಡ 'ಕ' 3221. ವ್ಯತ್ಯಾಸ 3042. ಕ-ದಿಂದ ಯ-ವರೆಗೆ ಇದೇ ಸಂಖ್ಯೆ ಕೂಡಿಸುತ್ತ ಹೋದರೆ ಆಯಿತು. ಆಮೇಲೆ ಇಸ್ಕಿಯಲ್ಲಿ ಕನ್ನಡಕ್ಕೆ ಬೇಡದ ಒಂದು ಅಕ್ಷರ ನಡುವೆ ಬರುವುದರಿಂದ ರ-ದಿಂದ ಹ-ವರೆಗೆ 3041. ಗುಣಿತಗಳಿಗೆ ಒಂದು ಚಿಕ್ಕ ಪಟ್ಟಿ. ಅಷ್ಟೇ ಕೆಲಸ.

ಮೂವತ್ತೆರಡು ಹಾಡುಗಳು. ಪ್ರಿಂಟ್ ತೆಗೆದು ದೊಡ್ಡಪ್ಪನಿಗೆ ಅಂಚೆಯಲ್ಲಿ ಕಳಿಸಿದೆ.

ಸಿಗದೇ ಹೋದದ್ದು

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಡಬ್ಬಿಯಲ್ಲಿ ಇನ್ನೊಂದು ಫೈಲು ಇತ್ತು. 1998ರಲ್ಲಿ ದೊಡ್ಡಪ್ಪ ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಉಳಿದ ಹಾಡುಗಳನ್ನು ಟೈಪು ಮಾಡಿಸಿದ್ದರು. ಆ ಅಂಗಡಿ ಈಗ ಇಲ್ಲ.

ಆ ಫೈಲನ್ನು ಅದೇ 486ರಲ್ಲಿ ಟೈಪ್ ಮಾಡಿದಾಗ ಅರ್ಧ ಸಾಲು ಬಂದು ನಿಂತುಹೋಯಿತು. ಅಳತೆ ನೋಡಿದರೆ 50 ಸಾವಿರ ಬೈಟಿಗೂ ಹೆಚ್ಚು. ನೆನಪಿದೆಯಲ್ಲ, 26? ಶುರುವಿನಲ್ಲೇ ಆ ಸಂಖ್ಯೆಯ ಬೈಟು ಇತ್ತು, ಟೈಪ್ ಅದನ್ನು ಮುಕ್ತಾಯ ಅಂದುಕೊಂಡಿತು. ಲಿಸ್ಟ್ ಪೂರ್ತಿ ತೋರಿಸಿತು. ಆದರೆ ಅದರಲ್ಲಿ ಇಸ್ಕಿಯ ಲಕ್ಷಣವೇ ಇಲ್ಲ. ಹಲಂತ ಇಲ್ಲ, ವರ್ಣಮಾಲೆ ಇಲ್ಲ.

ಆ ಹೊತ್ತಿಗೆ ವಿಂಡೋಸ್ ಬಂದಿತ್ತು. ಕಾರ್ಡು ಬೇಡ, ಕನ್ನಡದ ಫಾಂಟು ಸಾಕು ಅನ್ನುವ ಕಾಲ. ಇಂಗ್ಲಿಶ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು, ಅಂದರೆ ತಲೆಕಟ್ಟು, ಹೊಟ್ಟೆ, ಒತ್ತು, ಕೊಂಬುಗಳನ್ನು ಕೂರಿಸಿ, ಜೋಡಿಸಿ ತೋರಿಸುತ್ತಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸಾವಿರಾರು ಜನ ಮನೆಯಲ್ಲೇ ಕನ್ನಡ ಟೈಪು ಮಾಡುವಂತಾಯಿತು. ಆ ಉಪಕಾರ ಸಣ್ಣದಲ್ಲ. ಎರಡೂ ಮುಂದೆ ಯುನಿಕೋಡಿಗೂ ಬಂದವು, ಹಳೇ ಫೈಲುಗಳನ್ನು ಬದಲಾಯಿಸುವ ಪರಿವರ್ತಕಗಳೂ ಇವೆ. ಆದರೆ ಆ ಕಾಲದಲ್ಲಿ ಇನ್ನೂ ಹಲವು ತಂತ್ರಾಂಶಗಳಿದ್ದವು, ಒಂದೊಂದರದ್ದೂ ಒಂದೊಂದು ಲೆಕ್ಕ. ಫಾಂಟು ಕೈಯಲ್ಲಿ ಇಲ್ಲದಿದ್ದರೆ 65 ಅಂದರೆ ಯಾವ ತುಂಡು ಅಂತ ಹೇಳುವವರಿಲ್ಲ.

ವಿಚಿತ್ರ ನೋಡಿ. ಹೆಚ್ಚು ಹಳೆಯ ಫೈಲು ಓದಲು ಸಿಕ್ಕಿತು, ಅದಕ್ಕಿಂತ ನಾಲ್ಕು ವರ್ಷ ಹೊಸದು ಸಿಗಲಿಲ್ಲ. ಮೊದಲನೆಯದನ್ನು ಉಳಿಸಿದ್ದು ಎಲ್ಲರೂ ನೋಡಬಹುದಾದ ಜಾಗದಲ್ಲಿ ಅಚ್ಚಾಗಿದ್ದ ಒಂದು ಪಟ್ಟಿ. ಎರಡನೆಯದರ ಪಟ್ಟಿ ಒಂದು ತಂತ್ರಾಂಶದ ಹೊಟ್ಟೆಯೊಳಗೆ ಮಾತ್ರ ಇತ್ತು.

ನಾನಿನ್ನೂ ಕೈಬಿಟ್ಟಿಲ್ಲ. ಅದೇ ಅಂಗಡಿಯಲ್ಲಿ ಅದೇ ಅಕ್ಷರದಲ್ಲಿ ಅಚ್ಚಾದ ಒಂದು ಹಾಳೆ ಸಿಕ್ಕಿದರೂ ಫೈಲಿನ ಜೊತೆ ಹೋಲಿಸಿ ಒಂದೊಂದೇ ತುಂಡು ಬಿಡಿಸಬಹುದು. ದೊಡ್ಡಪ್ಪ ಹಳೇ ಪೆಟ್ಟಿಗೆಗಳನ್ನೆಲ್ಲ ಹುಡುಕುತ್ತಿದ್ದಾರೆ. ಮೊನ್ನೆ ಫೋನು ಮಾಡಿ, ಎರಡನೇ ಫೈಲಿನ ಮೊದಲ ಹಾಡಿನ ಎರಡು ಸಾಲು ನೆನಪಾಯಿತು ಅಂತ ಹೇಳಿ ಬರೆಸಿದರು. ಅದನ್ನಿಟ್ಟುಕೊಂಡು ಇಲ್ಲಿಯವರೆಗೆ ಒಂಬತ್ತು ತುಂಡು ಗುರುತಿಸಿದ್ದೇನೆ.

ಇವತ್ತಿನ ಮಾತು

1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತು, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಯುಟಿಎಫ್-8ರ ಲೆಕ್ಕ ಹಾಕಿದರು. ಆಸ್ಕಿ ಇದ್ದ ಹಾಗೇ ಒಂದು ಬೈಟು, ನಮ್ಮ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟು. ಅಜ್ಜಿಯ 31 ಸಾವಿರ ಬೈಟು ಈಗ 80 ಸಾವಿರ ದಾಟಿದೆ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಬಂದು ನೋಟ್‌ಪ್ಯಾಡಿನಲ್ಲೂ ಕನ್ನಡ ಕಾಣುವಂತಾಯಿತು. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಿ, ಸಿಡಿ ತುರುಕಿ ಕನ್ನಡ ಬರಿಸಿಕೊಂಡದ್ದು ಹಿರಿಯ ಬ್ಲಾಗಿಗರಿಗೆ ನೆನಪಿರಬಹುದು.

ಕಷ್ಟ ಪೂರ್ತಿ ಮುಗಿದಿಲ್ಲ. ಲಿನಕ್ಸಿನ ಕಪ್ಪು ಕನ್ಸೋಲಿನಲ್ಲಿ, ಕಿಟಕಿಗಳಿಲ್ಲದ ಆ ಬರೀ ಪರದೆಯಲ್ಲಿ, ಫಾಂಟಿಗೆ 512 ಆಕಾರಗಳಷ್ಟೇ ಜಾಗ. ಅಲ್ಲಿ ಲೆಸ್ ತೆರೆದರೆ ಕನ್ನಡ ಈಗಲೂ ಕನ್ನಡವಾಗಿ ಕಾಣುವುದಿಲ್ಲ. ತಮಾಷೆಗೆ ಅಜ್ಜಿಯ ಯುನಿಕೋಡ್ ಫೈಲನ್ನು ಫ್ಲಾಪಿಗೆ ಹಾಕಿ, ಮುಂದಿನ ಸಲ ಊರಿಗೆ ಹೋದಾಗ 486ರಲ್ಲಿ ತೆರೆದೆ. ಪ್ರತಿ ಅಕ್ಷರಕ್ಕೂ ಮೊದಲು ಒಂದು ಗ್ರೀಕ್ ಆಲ್ಫಾ! ಆ ಮೆಷಿನು ಮೂವತ್ತು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ, ತನಗೆ ಗೊತ್ತಿರುವ ಒಪ್ಪಂದದ ಪ್ರಕಾರ ಪ್ರಾಮಾಣಿಕವಾಗಿ ತೋರಿಸುತ್ತಿದೆ.

ಗೆಳೆಯರೇ, ಇಷ್ಟೆಲ್ಲ ಯಾಕೆ ಕೊರೆದೆ ಅಂದರೆ, ನಾವೆಲ್ಲ ಬರೆಯುತ್ತಿರುವುದು ಬಿಟ್ಟಿ ಜಾಗದಲ್ಲಿ. ಜಿಯೋಸಿಟೀಸ್‌ನಲ್ಲೂ ಜನ ಹೀಗೇ ಬರೆದಿದ್ದರು. 2009ರಲ್ಲಿ ಯಾಹೂ ಅದಕ್ಕೆ ಬೀಗ ಹಾಕಿತು. ನಿಮ್ಮ ಬರಹಗಳನ್ನೆಲ್ಲ ಒಂದು ಸಲ ಬ್ಯಾಕಪ್ ಇಳಿಸಿಕೊಳ್ಳಿ. ಮುಖ್ಯವಾದವನ್ನು ಯಾವ ಅಲಂಕಾರವೂ ಇಲ್ಲದ ಯುಟಿಎಫ್-8 ಟೆಕ್ಸ್ಟ್ ಫೈಲಾಗಿ ಎರಡು ಕಡೆ ಇಡಿ. ಮೂವತ್ತು ವರ್ಷದ ನಂತರ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಯಾವುದೋ ಹಳೇ ಲ್ಯಾಪ್‌ಟಾಪು ಎತ್ತಿಕೊಂಡು ಕೂತಾಗ, ಸರಳವಾದ ಒಂದು ಪ್ರೋಗ್ರಾಮು ಸಾಕಾಗಲಿ.

ಹಾಗೆಯೇ, 1998ರ ಆಸುಪಾಸಿನ ಕನ್ನಡ ಡಿಟಿಪಿ ಫಾಂಟುಗಳ ಸಿಡಿ, ಫ್ಲಾಪಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಒಂದು ಕಾಮೆಂಟು ಹಾಕಿ. ಇನ್ನೂ ಎಷ್ಟು ಹಾಡು ಆ ಫೈಲಿನಲ್ಲಿವೆ ಅಂತ ದೊಡ್ಡಪ್ಪನಿಗೂ ಸರಿಯಾಗಿ ನೆನಪಿಲ್ಲ. ಅವರಿಗೀಗ ಎಪ್ಪತ್ತೆಂಟು.